ರಕ್ತದಲ್ಲಿ ಕ್ಯಾಲ್ಸಿಯಂ ಏಕೆ ಏರಿತು?

ಕ್ಯಾಲ್ಸಿಯಂ ಮೂಳೆಗೆ ಒಳ್ಳೆಯದು ಎಂದು ನಮಗೆಲ್ಲ ಗೊತ್ತು. ಆದರೆ ರಕ್ತದಲ್ಲಿ ಅದಕ್ಕೊಂದು ಮಿತಿಯಿದೆ: ಒಂದು ಡೆಸಿಲೀಟರ್‌ಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಅದು ಮೀರಿದರೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಸುಸ್ತು ಕಾಣಿಸಿಕೊಳ್ಳಬಹುದು.

ಇದರ ಜೊತೆ ಹೊಟ್ಟೆಯೂ ಉಬ್ಬಿರುವ ಯುವತಿ ಬಂದರೆ ವೈದ್ಯರು ಏನು ಮಾಡುತ್ತಾರೆ? ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನ್ ಕ್ಯಾಲ್ಸಿಯಂ ಏರಿಸುತ್ತದೆ. ಆದ್ದರಿಂದ ಮೊದಲು ಅದರ ಪರೀಕ್ಷೆ. ಹಾರ್ಮೋನ್ ಹೆಚ್ಚಿದ್ದರೆ ಗ್ರಂಥಿಯ ಮೇಲೆ ಅನುಮಾನ. ಕಡಿಮೆಯಿದ್ದರೆ, ನಮ್ಮ ಕಾಮರ್ಸ್ ಭಾಷೆಯಲ್ಲಿ, ಜಮೆ ಬೇರೆ ಖಾತೆಯಿಂದ ಬಂದಿದೆ ಎಂದರ್ಥ. ಆಗ ಸ್ಕ್ಯಾನ್.

ಅಂಡಾಶಯದಲ್ಲಿ ಗಡ್ಡೆ ಕಂಡರೆ, ಹೈಪರ್‌ಕ್ಯಾಲ್ಸಿಮಿಕ್ ಬಗೆಯ ಸಣ್ಣಕೋಶ ಕ್ಯಾನ್ಸರ್ ನೆನಪಾಗಬೇಕು. ಇದು ಬಹಳ ಅಪರೂಪ. ಆದರೆ ಹೆಚ್ಚಾಗಿ ಎಳೆಯ ವಯಸ್ಸಿನವರಿಗೇ ಬರುತ್ತದೆ. ಮೂವರಲ್ಲಿ ಸುಮಾರು ಇಬ್ಬರಿಗೆ ಕ್ಯಾಲ್ಸಿಯಂ ಏರಿರುತ್ತದೆ. ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಖಚಿತ. ಸ್ಮಾರ್ಕಾ4 ಎಂಬ ಜೀನ್‌ನ ದೋಷ ಇದರ ಮೂಲವೆಂದು 2014ರಲ್ಲಿ ತಿಳಿಯಿತು.

ಮದುವೆಯಾಗದ ಹುಡುಗಿಗೆ ಸ್ಕ್ಯಾನ್ ಯಾಕೆ, ಜನ ಏನಂದಾರು ಎಂದು ಮನೆಯವರು ತಡಮಾಡುವುದುಂಟು. ಈ ಕಾಯಿಲೆ ಬೇಗ ಹರಡುತ್ತದೆ, ಕಾಯುವುದಿಲ್ಲ. ಸಹೋದರಿಯರೇ, ಇಂಥ ತೊಂದರೆ ವಾರಗಟ್ಟಲೆ ಉಳಿದರೆ ನಾಚಬೇಡಿ. ಅಮ್ಮಿಗೆ ಹೇಳಿ, ವೈದ್ಯರ ಬಳಿ ಹೋಗಿ.