ಅಡಿಕೆ ಸುಗ್ಗಿಯಲ್ಲಿ ಮನೆಯ ಸ್ವಚ್ಛತೆ ಮತ್ತು ಕೆಲಸದ ಹಂಚಿಕೆ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಸುತ್ತಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಗೌರಿಹಬ್ಬದ ಆಸುಪಾಸಿನಿಂದ ದೀಪಾವಳಿ ದಾಟುವವರೆಗೆ ಬಿಡುವೆಂಬುದೇ ಇರುವುದಿಲ್ಲ. ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು, ಬೇಯಿಸಿ, ಒಣಹಾಕಬೇಕು. ತಡವಾದರೆ ಬಣ್ಣ ಕೆಟ್ಟು ಬೆಲೆ ಇಳಿಯುತ್ತದೆ. ಆದುದರಿಂದ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಆದರೆ ಸುಗ್ಗಿಯೆಂದು ಕಸ ಬೀಳುವುದು ನಿಲ್ಲುವುದಿಲ್ಲ, ದನಕರು ಸಗಣಿ ಹಾಕುವುದು ನಿಲ್ಲುವುದಿಲ್ಲ. ಈ ಹೆಚ್ಚಿನ ಭಾರವೆಲ್ಲ ಸಾಮಾನ್ಯವಾಗಿ ಗೃಹಿಣಿಯ ಮೇಲೆ ಬೀಳುತ್ತದೆ. ಆಕೆಯಿಂದ ಆಗದಿದ್ದಾಗ ಶಾಲೆಗೆ ಹೋಗುವ ಮಗಳು ಮನೆಯಲ್ಲಿ ಉಳಿಯುತ್ತಾಳೆ.

ಕೆಲಸದ ಲೆಕ್ಕ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ, ಮಾಡಿದ ಗಂಡಸರು 97 ನಿಮಿಷ ಕಳೆದರು. ಅಂಥ ಕೆಲಸಕ್ಕೆ ಕೈ ಹಾಕಿದ ಗಂಡಸರಾದರೂ ನೂರಕ್ಕೆ ಸುಮಾರು 26 ಮಂದಿ ಮಾತ್ರ.

ಉದಾಹರಣೆಗೆ, ಅತ್ತೆ, ಗಂಡ, ಹೆಂಡತಿ, ಮೈದುನ, ಒಂಬತ್ತನೇ ತರಗತಿಯ ಮಗಳು, ಆರನೇ ತರಗತಿಯ ಮಗ ಇರುವ ಒಂದು ಮನೆಯ ಲೆಕ್ಕವನ್ನು ನೋಡಬಹುದು. ಗೃಹಿಣಿಗೆ ಅಂಗಳ ಗುಡಿಸಲು ಅರ್ಧ ಗಂಟೆ, ಮನೆಯೊಳಗೆ ಗುಡಿಸಿ ಒರೆಸಲು ಅರ್ಧ, ಕೊಟ್ಟಿಗೆಗೆ 1, ನೀರು ತುಂಬಲು 1, ಅಡಿಗೆಗೆ 3, ಪಾತ್ರೆಗೆ 1, ಬಟ್ಟೆಗೆ 1 - ಒಟ್ಟು 8 ಗಂಟೆ. ಇದರ ಮೇಲೆ 5 ಗಂಟೆ ಅಡಿಕೆ ಸುಲಿದರೆ 13 ಗಂಟೆಯಾಯಿತು. ಸೊಂಟನೋವು, ನಿದ್ದೆಗೇಡುಗಳಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮೊದಲು ಕೆಲಸ ಕಡಿಮೆ ಮಾಡಿರಿ

ಹಂಚುವುದಕ್ಕೆ ಮುಂಚೆ, ಬಿಡಬಹುದಾದುದನ್ನು ಬಿಡಬೇಕು.

1. ಸುಲಿಯುವ ಜಾಗವನ್ನು ಮನೆಯೊಳಗೆ ಇಡದೆ ಚಪ್ಪರದ ಕೆಳಗೆ ಮಾಡಿಕೊಳ್ಳಬೇಕು. ಅಡಿಯಲ್ಲಿ ತಾಡಪಾಲು ಹಾಸಿದರೆ ಸಿಪ್ಪೆಯನ್ನು ಒಂದೇ ಸಲಕ್ಕೆ ಎತ್ತಿ ಹಾಕಬಹುದು.

2. ಅಡಿಕೆಯ ಕರೆ ಹತ್ತಿದ ಬಟ್ಟೆ ಬೇಗ ಶುಚಿಯಾಗುವುದಿಲ್ಲ. ಸುಲಿಯಲು ಒಂದೆರಡು ಜೊತೆ ಹಳೆಯ ಬಟ್ಟೆಗಳನ್ನು ಮೀಸಲಿಟ್ಟರೆ ಒಗೆತ ಉಳಿಯುತ್ತದೆ.

3. ಅಟ್ಟ ಇಳಿಸುವುದು, ಸುಣ್ಣ ಬಳಿಯುವುದು ಮುಂತಾದ ದೊಡ್ಡ ಕೆಲಸಗಳನ್ನು ಕೊಯ್ಲಿಗೆ ಮೊದಲೇ ಮುಗಿಸಬೇಕು, ಇಲ್ಲವೇ ಸುಗ್ಗಿ ಕಳೆದ ಮೇಲೆ ಇಟ್ಟುಕೊಳ್ಳಬೇಕು.

ಹಂಚುವ ಕ್ರಮ

ಮೇಲಿನ ಮನೆಯಲ್ಲಿ ಕೊಟ್ಟಿಗೆ ಬಾಚಿ ಸಗಣಿಯನ್ನು ತಿಪ್ಪೆಗೆ ಹಾಕುವುದು ಗಂಡನದು. ನೀರು ತುಂಬುವುದು ಮೈದುನನದು. ಅಂಗಳ ಮಗನಿಗೆ, ಮನೆಯೊಳಗಿನ ಕಸ ಮಗಳಿಗೆ, ವಾರಕ್ಕೊಮ್ಮೆ ಅದಲುಬದಲು. ಅಕ್ಕಿ ಆರಿಸುವುದು, ಸೊಪ್ಪು ಸೋಸುವುದು, ಕಾಯಿಪಲ್ಯ ಹೆಚ್ಚುವುದು ಅತ್ತೆಯದು. ಇದರಿಂದ ಅಡಿಗೆಯಲ್ಲಿ 1 ಗಂಟೆ ಉಳಿಯುತ್ತದೆ. ಉಂಡವರು ತಮ್ಮ ತಟ್ಟೆ ಲೋಟ ತಾವೇ ತೊಳೆದರೆ ಅರ್ಧ ಗಂಟೆ, ಗಂಡಸರು ತಮ್ಮ ಬಟ್ಟೆ ತಾವೇ ಒಗೆದುಕೊಂಡರೆ ಇನ್ನರ್ಧ ಗಂಟೆ ಉಳಿಯುತ್ತದೆ. ಹೀಗೆ ಗೃಹಿಣಿಯ 8 ಗಂಟೆಯ ಕೆಲಸ 3 ಗಂಟೆಗೆ ಇಳಿಯುತ್ತದೆ. ಉಳಿದವರಲ್ಲಿ ಯಾರಿಗೂ ದಿನಕ್ಕೆ ಸುಮಾರು ಒಂದೂವರೆ ಗಂಟೆಗಿಂತ ಹೆಚ್ಚು ಹೊರೆಯಾಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. "ಹೇಳಿದರೆ ಮಾಡುತ್ತೇನೆ" ಎನ್ನುವುದು ಹಂಚಿಕೆಯಲ್ಲ. ಡ್ರಮ್ಮು ಖಾಲಿಯಾದುದನ್ನು ನೋಡಿ, ನೆನಪಿಟ್ಟು, ನಾಲ್ಕು ಸಲ ಹೇಳುವ ಕೆಲಸ ಗೃಹಿಣಿಗೇ ಉಳಿದರೆ ಅರ್ಧ ಭಾರ ಇಳಿದಂತಾಗಲಿಲ್ಲ. ನೀರು ಮೈದುನನದೆಂದ ಮೇಲೆ, ನೀರು ಯಾವಾಗ ಬರುತ್ತದೆ, ಡ್ರಮ್ಮು ಯಾವಾಗ ತೊಳೆಯಬೇಕು ಎಂಬುದೆಲ್ಲ ಅವನ ಹೊಣೆಯೇ. ಮೊದಮೊದಲು ಕೆಲಸ ಅಷ್ಟು ಅಚ್ಚುಕಟ್ಟಾಗದಿರಬಹುದು. ಮೂಲೆಯಲ್ಲಿ ಕಸ ಉಳಿಯಿತೆಂದು ಪೊರಕೆ ಕಿತ್ತುಕೊಂಡರೆ ಮರುದಿನದಿಂದ ಆ ಕೆಲಸ ಮತ್ತೆ ಗೃಹಿಣಿಯದೇ ಆಗುತ್ತದೆ. ಮಕ್ಕಳ ಪಾಲಿನ ಕೆಲಸ ದಿನಕ್ಕೆ ಅರ್ಧ ಗಂಟೆ ಮೀರಬಾರದು. ಯಾವ ಕಾರಣಕ್ಕೂ ಶಾಲೆ ತಪ್ಪಿಸಬಾರದು.

ಎಷ್ಟೇ ಕೆಲಸವಿದ್ದರೂ ಬಿಡಬಾರದವು

ನೆಲ ಒಂದು ದಿನ ಒರೆಸದಿದ್ದರೆ ನಷ್ಟವಿಲ್ಲ. ಆದರೆ ಕೆಳಗಿನವನ್ನು ಮುಂದೂಡುವಂತಿಲ್ಲ.

ನೀರಿನ ಡ್ರಮ್ಮು, ತೊಟ್ಟಿ: ಡೆಂಗ್ಯೂ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಮೊಟ್ಟೆಗಳು ಒಳಮೈಗೆ ಅಂಟಿ ಒಣಗಿದರೂ ಬದುಕಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಒಳಮೈ ಉಜ್ಜಿ, ಒಣಗಿಸಿ ತುಂಬಬೇಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿಯೂ ನೀರು ನಿಲ್ಲುತ್ತದೆ. ಅವನ್ನು ಆಯ್ದು ಸೂರಿನಡಿ ಒಟ್ಟಬೇಕು ಅಥವಾ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ಔಷಧಿ ಸಿಂಪಡಿಸಿದ ಬಟ್ಟೆ: ಇದನ್ನು ಮನೆಯವರ ಬಟ್ಟೆಯೊಂದಿಗೆ ನೆನೆಹಾಕಲೇಬಾರದು. ಸಿಂಪಡಿಸಿದವರೇ ಕೈಗವಸು ಹಾಕಿಕೊಂಡು, ಬಾವಿ ಮತ್ತು ಕೆರೆಯಿಂದ ದೂರದಲ್ಲಿ ಸೋಪು ನೀರಿನಿಂದ ಎರಡು ಸಲ ಒಗೆದು ಬಿಸಿಲಿಗೆ ಹಾಕಬೇಕು.

ಕುಡಿಯುವ ನೀರಿನ ಪಾತ್ರೆ: ದಿನವೂ ತೊಳೆದು ಮುಚ್ಚಿಡಬೇಕು, ನೀರು ತೆಗೆಯಲು ಹಿಡಿಯುಳ್ಳ ಸೌಟನ್ನು ಬಳಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ಮಹಿಳಾ ಸ್ವಸಹಾಯ ಸಂಘಗಳಲ್ಲಿ ಮಾತ್ರ ಹೇಳಿದರೆ ಫಲ ಕಡಿಮೆ. ಹಂಚಿಕೊಳ್ಳಬೇಕಾದವರು ಅಲ್ಲಿರುವುದಿಲ್ಲ. ಕೊಯ್ಲಿಗೆ ಒಂದು ತಿಂಗಳು ಮೊದಲು ನಡೆಯುವ ರೈತರ ಸಭೆಯಲ್ಲಿಯೇ ಗಂಡಸರಿಂದ ತಮ್ಮ ಮನೆಯ ಕೆಲಸಗಳನ್ನೂ ಅವಕ್ಕೆ ಹಿಡಿಯುವ ಸಮಯವನ್ನೂ ಬರೆಸಬೇಕು. ಆಳಿನ ಲೆಕ್ಕ ಬಲ್ಲವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಅಡಿಕೆಯ ಹಣ ಕೈಗೆ ಬಂದಾಗ ಅದರಲ್ಲಿ ಗೃಹಿಣಿಯ ದುಡಿಮೆಯೂ ಇರುತ್ತದೆ. ಆಕೆ ಹಾಸಿಗೆ ಹಿಡಿಯದೆ, ಮಗಳು ಪಾಠ ತಪ್ಪಿಸಿಕೊಳ್ಳದೆ ಸುಗ್ಗಿ ಮುಗಿದರೆ, ಆ ವರ್ಷದ ಬೆಳೆ ನಿಜವಾಗಿಯೂ ಲಾಭ ತಂದಿತೆನ್ನಬಹುದು.