ಅಂತರ್ಜಾಲದ ಹುಡುಕಾಟ ಮತ್ತು ಗೇರಿನ ಸಸ್ಯ ಸಂರಕ್ಷಣೆ

ಗೇರಿನ ಚಿಗುರು ಕಪ್ಪಾಗಿ ಒಣಗಿದರೆ ಹಿಂದೆ ರೈತರು ಟೊಂಗೆ ಮುರಿದುಕೊಂಡು ಕೃಷಿ ಕಚೇರಿಗೆ ಹೋಗುತ್ತಿದ್ದರು. ಈಗ ತೋಟದಲ್ಲೇ ನಿಂತು ಮೊಬೈಲಿನಲ್ಲಿ ಗೂಗಲ್ ಹುಡುಕುತ್ತಾರೆ. ಟೀ ಸೊಳ್ಳೆಯ ಬಾಧೆ ಎಂಬ ಉತ್ತರ ಚಿತ್ರ ಸಮೇತ ಕ್ಷಣದಲ್ಲಿ ದೊರೆಯುತ್ತದೆ. ಇದು ದೊಡ್ಡ ಅನುಕೂಲವೇ ಸರಿ. ತೊಂದರೆ ಇರುವುದು ಔಷಧದ ವಿಷಯದಲ್ಲಿ.

1998ರಲ್ಲಿ ಸ್ಥಾಪನೆಯಾದ ಗೂಗಲ್, ಕೇಳಿದ ಪದಗಳು ಪುಟದಲ್ಲಿವೆಯೇ, ಬೇರೆ ಎಷ್ಟು ಪುಟಗಳು ಅದರ ಕೊಂಡಿ ಕೊಟ್ಟಿವೆ ಎಂಬಂಥವುಗಳನ್ನು ನೋಡಿ ಪುಟಗಳನ್ನು ಮೇಲೆ ಕೆಳಗೆ ಜೋಡಿಸುತ್ತದೆ. ಶಿಫಾರಸು ಇಂದಿಗೂ ಸಲ್ಲುವುದೇ ಎಂಬುದಕ್ಕೆ ಅದು ಹೊಣೆಯಲ್ಲ. ಈ ಕೀಟಕ್ಕೆ ಹಿಂದೆ ಎಂಡೋಸಲ್ಫಾನ್ ಶಿಫಾರಸಾಗಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದಲೂ ಸಿಂಪಡಿಸಲಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು. ದಕ್ಷಿಣ ಕನ್ನಡದ ಸಂತ್ರಸ್ತರು ಇಂದಿಗೂ ಮಾಸಾಶನ ಪಡೆಯುತ್ತಿದ್ದಾರೆ. ಹಳೆಯ ಶಿಫಾರಸುಗಳು ಮಾತ್ರ ಅಂತರ್ಜಾಲದಲ್ಲಿ ಹಾಗೆಯೇ ಕುಳಿತಿವೆ.

ಆದ್ದರಿಂದ ಮೊದಲು ಪುಟದ ದಿನಾಂಕ ನೋಡಬೇಕು. ದಿನಾಂಕವಿಲ್ಲದ ಪುಟ ನಂಬಿ ಔಷಧ ಕೊಳ್ಳಬಾರದು. ಬೆಳೆಯ ಹೆಸರು, ಪ್ರಮಾಣ, ಸಿಂಪರಣೆಯಿಂದ ಕೊಯ್ಲಿನವರೆಗೆ ಕಾಯಬೇಕಾದ ದಿನಗಳು ಔಷಧದ ಡಬ್ಬಿಯೊಡನೆ ಬರುವ ಕರಪತ್ರದಲ್ಲಿರುತ್ತವೆ, ಅದನ್ನೇ ಅನುಸರಿಸಬೇಕು. ಶಿಲೀಂಧ್ರ ರೋಗದಿಂದಲೂ ಗೇರಿನ ಚಿಗುರು ಒಣಗುವುದುಂಟು. ಚಿತ್ರ ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ, ಟೊಂಗೆಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಈಗಲೂ ಒಯ್ದು ತೋರಿಸಬೇಕು.