ಸ್ಮರಣಾರ್ಥ ಬೆಳ್ಳಿ ನಾಣ್ಯ: ಅಸಲಿಯ ಗುರುತು

ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಹೊರಬಂದದ್ದು 1964ರಲ್ಲಿ, ನೆಹರೂ ನೆನಪಿಗೆ, ಅದು ನಿಕ್ಕಲ್‌ನದು. 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ನಾಣ್ಯದಲ್ಲಿ ಬೆಳ್ಳಿ ಶೇ 80.

2023ರಲ್ಲಿ ನೂತನ ಸಂಸತ್ ಭವನದ ಉದ್ಘಾಟನೆಗೆ ಬಂದ 75 ರೂಪಾಯಿ ನಾಣ್ಯವನ್ನು ಅನೇಕರು ಅಪ್ಪಟ ಬೆಳ್ಳಿಯೆಂದೇ ನಂಬಿದ್ದಾರೆ. ಅದರಲ್ಲಿರುವುದು ಬೆಳ್ಳಿ ಶೇ 50, ತಾಮ್ರ 40, ನಿಕ್ಕಲ್ ಮತ್ತು ಸತು ತಲಾ 5. ತೂಕ 35 ಗ್ರಾಂ, ವ್ಯಾಸ 44 ಮಿಲಿಮೀಟರ್, ಅಂಚಿನಲ್ಲಿ 200 ಗೆರೆ. ಅಂದರೆ ಕೈಗೆ ಸಿಗುವ ಬೆಳ್ಳಿ 17.5 ಗ್ರಾಂ ಮಾತ್ರ. ಈ ಅಳತೆಗಳು ಕೇಂದ್ರದ ಅಧಿಸೂಚನೆಯಲ್ಲೇ ಇರುವುದರಿಂದ ತಕ್ಕಡಿ, ಕ್ಯಾಲಿಪರ್ ಇದ್ದರೆ ಒರಟು ನಕಲು ಅಲ್ಲೇ ಸಿಕ್ಕಿಬೀಳುತ್ತದೆ.

ಟಂಕಸಾಲೆ ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಹೈದರಾಬಾದಿನ ಗುರುತು ನಕ್ಷತ್ರ, ನೋಯ್ಡಾದ್ದು ಚುಕ್ಕೆ; ಕೋಲ್ಕತ್ತಕ್ಕೆ ಗುರುತೇ ಇಲ್ಲ. ಇವುಗಳನ್ನು ನಡೆಸುವ ಎಸ್‌ಪಿಎಂಸಿಐಎಲ್ ಸಂಸ್ಥೆಯಿಂದಲೇ ಸಂಗ್ರಹಕಾರರು ನೇರವಾಗಿ ಕೊಳ್ಳಬಹುದು. ಬೆಲೆ ಮುಖಬೆಲೆಗಿಂತ ಬಹಳ ಹೆಚ್ಚು.

ಬ್ಯಾಂಕು, ಆಭರಣದಂಗಡಿಗಳು ಮಾರುವ ಲಕ್ಷ್ಮಿಯ ಚಿತ್ರದ 999 ಬೆಳ್ಳಿ ಬಿಲ್ಲೆಗೆ ಮುಖಬೆಲೆಯಿಲ್ಲ. ಕಾನೂನಿನ ಕಣ್ಣಲ್ಲಿ ಅದು ನಾಣ್ಯವಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯದ ಗರಿಷ್ಠ ಮುಖಬೆಲೆ 1000 ರೂಪಾಯಿ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಹಸ್ರಮಾನದ ನಾಣ್ಯ ಆ ಮಿತಿಯನ್ನು ಮುಟ್ಟಿದೆ.